ನಾಡದೋಣಿಗೆ ಸ್ಟೀರಿಂಗ್ ಕಟ್ಟುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಪ್ರಕಟವಾದ ಪತ್ರವೊಂದನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಗುಜರಿ ಅಂಗಡಿಯಿಂದ ಸಾಮಾನು ತಂದು ಸ್ಟೀರಿಂಗ್ ಕಟ್ಟಿಕೊಂಡ ನಾಡದೋಣಿಗಳನ್ನು ನೀರಿಗಿಳಿಯಲು ಬಿಡಲೇಬಾರದು, ಕಂಪನಿಯ ಸ್ಟೀರಿಂಗ್ ಇಲ್ಲದವರಿಗೆ ಪರವಾನಗಿ ಕೊಡಬಾರದು ಎಂದು ಆ ಓದುಗರು ಒತ್ತಾಯಿಸಿದ್ದರು. ಜೀವಹಾನಿಯ ಬಗ್ಗೆ ಅವರಿಗಿರುವ ಕಳವಳ ನನಗೂ ಇದೆ. ಆದರೆ ಅವರು ಹೇಳಿದ ಮದ್ದು ರೋಗಕ್ಕೆ ತಾಗುವಂಥದ್ದಲ್ಲ. ಕೈಯಾರೆ ಕಟ್ಟಿದ ಸ್ಟೀರಿಂಗ್ ಅಪಾಯಕಾರಿಯಾಗುವುದು ಕಟ್ಟುವ ಕ್ರಮವನ್ನು ಯಾರೂ ಕಲಿಸದೇ ಇರುವುದರಿಂದ. ಆ ಕ್ರಮ ಬ್ರಹ್ಮವಿದ್ಯೆಯೇನಲ್ಲ.

ನಾನು ಕುಂದಾಪುರ ತಾಲ್ಲೂಕಿನಲ್ಲಿ, ಪಂಚಗಂಗಾವಳಿ ಹೊಳೆಯ ದಡಕ್ಕೆ ಹತ್ತಿರ, ಲೇತ್ ಅಂಗಡಿ ನಡೆಸುತ್ತೇನೆ. ನನ್ನ ತಂದೆಯ ಕಾಲದಲ್ಲಿ ದೋಣಿಯವರು ಚುಕ್ಕಾಣಿಯ ಕೊಂಡಿಗೆ, ಲಂಗರಿನ ಬಳೆಗೆ ಬರುತ್ತಿದ್ದರು. ಈಗ ಔಟ್‌ಬೋರ್ಡ್ ಎಂಜಿನ್ನಿನ, ಅಂದರೆ ದೋಣಿಯ ಹಿಂಭಾಗದ ಹಲಗೆಗೆ ಹೊರಗಿನಿಂದ ತೂಗುಹಾಕುವ ಎಂಜಿನ್ನಿನ, ಬುಷ್ಷು, ಬ್ರಾಕೆಟ್ಟು, ತುಂಡಾದ ಬೋಲ್ಟು ಹಿಡಿದುಕೊಂಡು ಬರುತ್ತಾರೆ. ಜೊತೆಗೆ, ಹಳೆಯ ಮಾರುತಿ ಕಾರಿನ ಸ್ಟೀರಿಂಗ್ ಚಕ್ರವನ್ನು ಕಂಕುಳಲ್ಲಿ ಇಟ್ಟುಕೊಂಡು, ‘ಇದಕ್ಕೊಂದು ಡ್ರಮ್ (ಹಗ್ಗ ಸುತ್ತುವ ಉರುಳೆ) ಮಾಡಿಕೊಡಿ’ ಎನ್ನುವವರೂ ಬರುತ್ತಾರೆ. ಹಾಗಾಗಿ ಈ ವಿಷಯದಲ್ಲಿ ಮಾತನಾಡುವ ಹಕ್ಕು ನನಗಿದೆ ಎಂದು ಭಾವಿಸುತ್ತೇನೆ.

ಮೊದಲು ಮಳೆಗಾಲದ ಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೊಡ್ಡ ಬಲೆಯ ಟ್ರಾಲರ್, ಪರ್ಸೀನ್ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿ ನಿಂತಿರುತ್ತವೆ. ವಿನಾಯಿತಿ ಇರುವುದು 10 ಅಶ್ವಶಕ್ತಿಯವರೆಗಿನ ಎಂಜಿನ್ ಹಾಕಿಕೊಂಡ ನಾಡದೋಣಿಗಳಿಗೆ ಮಾತ್ರ. ನಮ್ಮ ಕಡೆ 9.9 ಅಶ್ವಶಕ್ತಿಯ ಎಂಜಿನ್ ಅಷ್ಟೊಂದು ಕಾಣಸಿಗುವುದಕ್ಕೆ ಇದೂ ಒಂದು ಕಾರಣ. ಕಡಲು ಅತಿ ಒರಟಾಗಿರುವ ಎರಡು ತಿಂಗಳು ಅದರ ಮೇಲಿರುವವು ಅತಿ ಚಿಕ್ಕ ದೋಣಿಗಳು ಎಂದಾಯಿತು. ಕೈಯಾರೆ ಕಟ್ಟಿದ ಸ್ಟೀರಿಂಗ್ ಇರುವುದೂ ಇವುಗಳಲ್ಲೇ. ಆ ಓದುಗರು ಕೇಳಿದ ನಿಷೇಧ ಹೇರಿದರೆ ಮಳೆಗಾಲದಲ್ಲಿ ಒಲೆ ಉರಿಯುವ ಮನೆಗಳ ದೋಣಿಗಳೇ ದಡ ಸೇರುತ್ತವೆ. ಅದೂ ಆಗುವುದಿಲ್ಲ ಎಂದು ನನಗೆ ಗೊತ್ತು. ಪರವಾನಗಿ ಪರಿಶೀಲನೆಯ ದಿನ ಚಕ್ರ ಬಿಚ್ಚಿಟ್ಟು, ಮರುದಿನ ಮತ್ತೆ ಕಟ್ಟಿಕೊಂಡು ಹೋಗುತ್ತಾರೆ. ಆತುರದಲ್ಲಿ ಕಟ್ಟಿದ ಆ ಗಂಟು ಮೊದಲಿನದಕ್ಕಿಂತ ಕೆಟ್ಟದಾಗಿರುತ್ತದೆ.

ಎಂಜಿನ್‌ಗೆ ಹ್ಯಾಂಡಲ್ ಇದೆಯಲ್ಲ, ಸ್ಟೀರಿಂಗ್ ಏಕೆ ಬೇಕು ಎಂದು ಕಡಲ ಬದಿಯವರಲ್ಲದವರು ಕೇಳಬಹುದು. ಹ್ಯಾಂಡಲ್ ಹಿಡಿಯುವವನು ದೋಣಿಯ ತೀರಾ ಹಿಂದೆ, ಎಂಜಿನ್ ಪಕ್ಕದಲ್ಲೇ, ಒಂದು ಕೈಯನ್ನು ಹಿಂದಕ್ಕೆ ತಿರುಚಿ ಕೂರಬೇಕು. ಎಂಜಿನ್ನಿನ ಭಾರ, ಅವನ ಭಾರ ಎರಡೂ ಹಿಂದೆ ಬಿದ್ದು ದೋಣಿಯ ಮೂತಿ ಮೇಲೆದ್ದುಬಿಡುತ್ತದೆ. ಎದುರಿಗೆ ಬಲೆಯ ರಾಶಿ, ಅದರಾಚೆ ನಿಂತ ಜನ, ಅದರಾಚೆ ಎದ್ದ ಮೂತಿ. ನೀರು ಕಾಣುವುದೆಲ್ಲಿಂದ? ಹೊಳೆ ಕಡಲು ಸೇರುವ ಅಳಿವೆಯ ಮರಳು ದಿಬ್ಬ ಮಳೆಗಾಲದಲ್ಲಿ ಜಾಗ ಬದಲಿಸುತ್ತಲೇ ಇರುತ್ತದೆ. ಕಣ್ಣು ಕಾಣದೆ ಅಲ್ಲಿ ನುಗ್ಗುವಂತಿಲ್ಲ. ನಡುದೋಣಿಗೆ ಬಂದು ಕುಳಿತರೆ ದೋಣಿ ಸಮವಾಗಿ ನಿಲ್ಲುತ್ತದೆ, ದಾರಿಯೂ ಕಾಣುತ್ತದೆ. ಜನ ಚಕ್ರ ಕಟ್ಟಿಕೊಳ್ಳುವುದು ಶೋಕಿಗಲ್ಲ.

ಎಲ್ಲಕ್ಕಿಂತ ಸರಳ ಉಪಾಯಕ್ಕೆ ಚಕ್ರವೂ ಬೇಡ. ಹ್ಯಾಂಡಲ್ ಮೇಲೆ ಬಿಗಿಯಾಗಿ ಕೂರುವ ಅಳತೆಯ, ದಪ್ಪ ಗೋಡೆಯ ಪಿವಿಸಿ ಪೈಪನ್ನು ಎರಡು, ಎರಡೂವರೆ ಅಡಿ ಉದ್ದಕ್ಕೆ ಕತ್ತರಿಸಿ, ಒಂದು ತುದಿಯಲ್ಲಿ ನಾಲ್ಕು ಇಂಚು ಉದ್ದದ ಸೀಳು ಹಾಕಿ, ಹ್ಯಾಂಡಲ್‌ಗೆ ತೊಡಿಸಿ, ಎರಡು ಹೋಸ್ ಕ್ಲಿಪ್ಪಿನಿಂದ ಬಿಗಿದರೆ ಆಯಿತು. ಹ್ಯಾಂಡಲ್ ತಿರುಚಿ ವೇಗ ಹೆಚ್ಚಿಸುವ ಎಂಜಿನ್‌ಗಳಲ್ಲಿ ಪೈಪು ತಿರುಚಿದರೆ ಅದೂ ತಿರುಗುತ್ತದೆ. ಪೈಪಿನ ಹಿಡಿತ ತಿರುಗುವ ಭಾಗದ ಮೇಲಷ್ಟೇ ಇರಬೇಕು; ಹಿಂದಿನ ತಿರುಗದ ಭಾಗಕ್ಕೂ ಹತ್ತಿ ಕೂತರೆ ವೇಗ ಇಳಿಸಲು ಆಗುವುದಿಲ್ಲ. ಮೂರು ಅಡಿಗಿಂತ ಉದ್ದ ಬೇಡ, ದೋಣಿ ತಿರುಗಿಸಲು ಕೈಯನ್ನು ಆಚೆಯಿಂದ ಈಚೆಗೆ ಬೀಸಬೇಕಾಗುತ್ತದೆ, ಪಕ್ಕದಲ್ಲಿ ಕೂತವರ ಎದೆಗೆ ಬಡಿಯುತ್ತದೆ.

ಪೈಪು ಹಾಕಿದವರು ಮರೆಯುವುದು ಎಂಜಿನ್ ನಿಲ್ಲಿಸುವ ಹುರಿಯನ್ನು. ಅಂಥ ಕೆಂಪು ಸುರುಳಿ ಹುರಿ ಇರುವ ಎಂಜಿನ್‌ಗಳಲ್ಲಿ ಅದರ ಒಂದು ತುದಿಯನ್ನು ಮಣಿಕಟ್ಟಿಗೋ ಸೊಂಟಕ್ಕೋ ಸಿಕ್ಕಿಸಿಕೊಂಡಿರಬೇಕು, ಮನುಷ್ಯ ನೀರಿಗೆ ಬಿದ್ದರೆ ಹುರಿ ಕಿತ್ತು ಎಂಜಿನ್ ನಿಲ್ಲುತ್ತದೆ. ಎಂಜಿನ್ನಿನಿಂದ ದೂರ ಬಂದ ಮೇಲೆ ಹುರಿ ಸಾಲುವುದಿಲ್ಲವೆಂದು ಅದನ್ನು ಎಂಜಿನ್ ಮೇಲೇ ಸುತ್ತಿ ಬಿಡುತ್ತಾರೆ. ಯಾರೂ ಹಿಡಿಯದ ಎಂಜಿನ್ ಒಂದು ಬದಿಗೆ ವಾಲಿ, ದೋಣಿ ಸುತ್ತು ಹೊಡೆದು, ನೀರಿನಲ್ಲಿ ಬಿದ್ದವನ ಕಡೆಗೇ ಪ್ರೊಪೆಲ್ಲರ್ ಸಮೇತ ಮರಳುತ್ತದೆ. ಹುರಿಗೆ ಗಟ್ಟಿ ದಾರ ಜೋಡಿಸಿ ಉದ್ದ ಮಾಡಿಕೊಳ್ಳುವುದಕ್ಕೆ ಖರ್ಚು ಏನೂ ಇಲ್ಲ.

ಇನ್ನು ಚಕ್ರದ ಸ್ಟೀರಿಂಗ್. ಚಕ್ರದ ಹಿಂದೆ ಒಂದು ಡ್ರಮ್, ಡ್ರಮ್‌ಗೆ ಸುತ್ತಿದ ಹಗ್ಗ, ಹಗ್ಗದ ಎರಡು ತುದಿಗಳು ಎಡಬಲ ಅಂಚಿನ ರಾಟೆಗಳ ಮೂಲಕ ಹಿಂದಕ್ಕೆ ಹೋಗಿ ಎಂಜಿನ್ನಿನ ಮುಂಭಾಗಕ್ಕೆ ಎರಡೂ ಕಡೆಯಿಂದ ಕಟ್ಟಿಕೊಳ್ಳುತ್ತವೆ. ಇಷ್ಟೇ ಯಂತ್ರ. ನಾನು ಮಾಡಿಕೊಡುವ ಡ್ರಮ್ಮಿನ ವ್ಯಾಸ ಮೂರು ಇಂಚು. ಒಂದು ಸುತ್ತಿಗೆ ಅದು ಸುಮಾರು 24 ಸೆಂಟಿಮೀಟರ್ ಹಗ್ಗ ಎಳೆಯುತ್ತದೆ. ಎಂಜಿನ್ ತಿರುಗುವ ಅಚ್ಚಿನಿಂದ 25 ಸೆಂಟಿಮೀಟರ್ ಮುಂದೆ ಹಗ್ಗ ಕಟ್ಟಿದರೆ, ಪೂರ್ತಿ ಎಡದಿಂದ ಪೂರ್ತಿ ಬಲಕ್ಕೆ ಒಂದೂಕಾಲು, ಒಂದೂವರೆ ಸುತ್ತು ಸಾಕಾಗುತ್ತದೆ. ಕಾರಿನ ಚಕ್ರದ ವ್ಯಾಸ ಡ್ರಮ್ಮಿನ ಸುಮಾರು ಐದು ಪಟ್ಟು ಇರುವುದರಿಂದ ಕೈಗೆ ಹಗುರ. ಡ್ರಮ್ ಚಿಕ್ಕದು ಮಾಡಿ ಇನ್ನೂ ಹಗುರ ಮಾಡಿಕೊಡಿ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಸುತ್ತು ಹೆಚ್ಚಾದಷ್ಟೂ ಅಲೆ ಬಂದಾಗ ತಿರುಗಿಸುವುದು ತಡವಾಗುತ್ತದೆ. ಹಗ್ಗ ಡ್ರಮ್ಮಿನ ಮೇಲೆ ಮೂರು ನಾಲ್ಕು ಸುತ್ತು ಇದ್ದು, ನಡುವಿನ ಸುತ್ತನ್ನು ಒಂದು ಬೋಲ್ಟಿನಿಂದ ಡ್ರಮ್ಮಿಗೇ ಹಿಡಿಸಿರಬೇಕು. ಬರೀ ಬಿಗಿತವನ್ನು ನಂಬಿದರೆ ನೀರು, ಎಣ್ಣೆ ತಾಗಿದ ದಿನ ಜಾರುತ್ತದೆ.

ಹಗ್ಗ ಡ್ರಮ್ಮಿನ ಮೇಲಿನಿಂದ ಹೊರಡಬೇಕೋ ಕೆಳಗಿನಿಂದಲೋ ಎಂಬುದು ಬಹಳ ಮುಖ್ಯ. ದೋಣಿ ಬಲಕ್ಕೆ ಹೋಗಬೇಕಾದರೆ ಎಂಜಿನ್ನಿನ ಹ್ಯಾಂಡಲ್ ಎಡಕ್ಕೆ ಹೋಗಬೇಕು. ಹಗ್ಗದ ಎರಡೂ ತುದಿ ಡ್ರಮ್ಮಿನ ಮೇಲ್ಭಾಗದಿಂದ ಎಡಬಲಕ್ಕೆ ಹೊರಟರೆ, ಚಕ್ರ ಬಲಕ್ಕೆ ತಿರುಗಿಸಿದಾಗ ಎಡದ ಹಗ್ಗ ಎಳೆಯಲ್ಪಟ್ಟು ಎಲ್ಲವೂ ಸರಿಯಾಗುತ್ತದೆ. ಕೆಳಗಿನಿಂದ ಹೊರಟರೆ ಚಕ್ರ ಬಲಕ್ಕೆ, ದೋಣಿ ಎಡಕ್ಕೆ. ‘ಅಭ್ಯಾಸವಾಗುತ್ತದೆ ಬಿಡಿ’ ಎಂದು ಹಾಗೇ ಓಡಿಸುವ ದೋಣಿಗಳನ್ನು ನೋಡಿದ್ದೇನೆ. ಕಟ್ಟಿದವನಿಗೆ ಅಭ್ಯಾಸವಾಗಿರಬಹುದು. ಅವನಿಗೆ ಜ್ವರ ಬಂದ ದಿನ ತಮ್ಮನೋ ಅಳಿಯನೋ ಚಕ್ರ ಹಿಡಿದಾಗ, ಎದುರಿಗೆ ಬಂಡೆ ಕಂಡು ಅವನ ಕೈ ತಾನಾಗಿ ಯಾವ ಕಡೆ ತಿರುಗುತ್ತದೆ? ಹೀಗೆ ಕಟ್ಟಿದ ದೋಣಿ ಅಂಗಡಿಯ ಹತ್ತಿರ ಬಂದರೆ ಮಜೂರಿ ಕೇಳದೆ ಬಿಚ್ಚಿ ಸರಿಮಾಡಿ ಕಳುಹಿಸುತ್ತೇನೆ.

ರಾಟೆಯ ವಿಷಯದಲ್ಲಿ ಜಿಪುಣತನ ಮಾಡಬಾರದು. ಬಟ್ಟೆ ಒಣಹಾಕುವ ಹಗ್ಗದ ರಾಟೆ ತಂದು, ಎರಡು ಮರದ ಸ್ಕ್ರೂ ಹಾಕಿ ದೋಣಿಯ ಅಂಚಿಗೆ ಕೂರಿಸುತ್ತಾರೆ. ಹಗ್ಗ ನೇರವಾಗಿ ಹೋಗುವಲ್ಲಿ ಅದು ಬಾಳಬಹುದು. ಹಿಂಭಾಗದಲ್ಲಿ ಹಗ್ಗ 90 ಡಿಗ್ರಿ ತಿರುಗಿ ಎಂಜಿನ್ ಕಡೆ ಹೋಗುತ್ತದಲ್ಲ, ಅಲ್ಲಿ ರಾಟೆಯ ಮೇಲೆ ಬೀಳುವ ಎಳೆತ ಹಗ್ಗದ ಎಳೆತದ ಸುಮಾರು 1.4 ಪಟ್ಟು. ಆ ಮೂಲೆಯ ರಾಟೆಗೆ ಆರಪಾರ ಬೋಲ್ಟು ಹಾಕಿ, ಒಳಗಿನಿಂದ ಅಗಲವಾದ ಪ್ಲೇಟು ಕೊಟ್ಟು ಬಿಗಿಯಬೇಕು. ಫೈಬರ್ ದೋಣಿಯಲ್ಲಂತೂ ಸ್ಕ್ರೂ ಹಿಡಿಯುವುದಕ್ಕೆ ತಿರುಳೇ ಇರುವುದಿಲ್ಲ.

ಹಗ್ಗ ಯಾವುದು? ಮನೆಯಲ್ಲಿ ಬಿದ್ದಿರುವ ನೈಲಾನ್ ಹಗ್ಗ ಬೇಡ. ಅದು ರಬ್ಬರಿನಂತೆ ಹಿಗ್ಗುತ್ತದೆ, ನೀರು ಕುಡಿದರೆ ಇನ್ನೂ ಸಡಿಲ. ಪಾಲಿಪ್ರೊಪಿಲಿನ್ ಹಗ್ಗವನ್ನು ಬಿಸಿಲು ತಿನ್ನುತ್ತದೆ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಹಿಗ್ಗು ಕಡಿಮೆ ಇರುವ ಹೆಣೆದ ಪಾಲಿಯೆಸ್ಟರ್ ಹಗ್ಗ ಒಳ್ಳೆಯದು. ಉಕ್ಕಿನ ತಂತಿಹಗ್ಗ ಬೇಕೆಂದರೆ ಪ್ಲಾಸ್ಟಿಕ್ ಹೊದಿಕೆಯದ್ದನ್ನು ತರಬಾರದು. ನೋಡಲು ಚೆಂದ, ಆದರೆ ಹೊದಿಕೆಯೊಳಗೆ ಉಪ್ಪುನೀರು ಸೇರಿ ತಂತಿ ತುಕ್ಕು ಹಿಡಿಯುವುದು ಹೊರಗೆ ಕಾಣುವುದೇ ಇಲ್ಲ. ಸೈಕಲ್ಲಿನ ಬ್ರೇಕ್ ತಂತಿ ಕಟ್ಟಿದ್ದನ್ನೂ ಕಂಡಿದ್ದೇನೆ, ಅದರ ಬಗ್ಗೆ ಹೇಳುವುದೇನಿದೆ! ಸ್ಟೇನ್‌ಲೆಸ್ ಉಕ್ಕಿನಲ್ಲೂ 304 ಮತ್ತು 316 ಎಂಬ ಎರಡು ಜಾತಿಗಳು ನಮ್ಮ ಪೇಟೆಯಲ್ಲಿ ಸಿಗುತ್ತವೆ. ಕಡಲಿಗೆ 316 ಬೇಕು, ಮಾಲಿಬ್ಡಿನಮ್ ಬೆರೆತಿರುವುದರಿಂದ ಅದು ಉಪ್ಪನ್ನು ಹೆಚ್ಚು ತಡೆಯುತ್ತದೆ.

ತಂತಿಹಗ್ಗದ ತುದಿಯನ್ನು ಕುಣಿಕೆ ಮಾಡಿ ಯು ಕ್ಲಾಂಪಿನಿಂದ ಬಿಗಿಯುವುದನ್ನು ಎಲ್ಲರೂ ಬಲ್ಲರು, ಆದರೆ ಕ್ಲಾಂಪಿಗೆ ಮುಖ ಇದೆ ಎಂಬುದನ್ನು ಬಲ್ಲವರು ಕಡಿಮೆ. ಕ್ಲಾಂಪಿನಲ್ಲಿ ಎರಡು ಭಾಗ: ಒಂದು ಯು ಆಕಾರದ ಬೋಲ್ಟು, ಇನ್ನೊಂದು ಗೀರುಗಳಿರುವ ದಪ್ಪ ಎರಕದ ತುಂಡು. ಎಳೆತ ಹೊರುವ ಉದ್ದನೆಯ ತಂತಿಯ ಮೇಲೆ ಎರಕದ ತುಂಡು ಕೂರಬೇಕು, ಮಡಚಿ ಬಂದ ಗಿಡ್ಡ ತುದಿಯ ಮೇಲೆ ಯು ಬೋಲ್ಟು. ತಿರುಗಿಸಿ ಹಾಕಿದರೆ ಯು ಬೋಲ್ಟು ಎಳೆತದ ತಂತಿಯನ್ನೇ ಕಚ್ಚಿ ಜಜ್ಜುತ್ತದೆ, ಎಳೆಗಳು ಅಲ್ಲೇ ಒಂದೊಂದಾಗಿ ಕಡಿಯುತ್ತವೆ. ಕನಿಷ್ಠ ಮೂರು ಕ್ಲಾಂಪು, ಮೂರೂ ಒಂದೇ ಮುಖಕ್ಕೆ, ಕುಣಿಕೆಯೊಳಗೆ ತಂತಿ ಸವೆಯದಂತೆ ಕಾಯುವ ಲೋಹದ ಬಳೆ, ಅಂದರೆ ತಿಂಬಲ್. ಒಮ್ಮೆ ದೋಣಿ ಓಡಿಸಿ ತಂತಿ ಎಳೆತ ಕಂಡ ಮೇಲೆ ನಟ್ಟುಗಳನ್ನು ಮತ್ತೆ ಬಿಗಿಯಬೇಕು, ಏಕೆಂದರೆ ಎಳೆತಕ್ಕೆ ತಂತಿ ತೆಳುವಾಗಿ ನಟ್ಟು ಸಡಿಲಾಗಿರುತ್ತದೆ. ದೋಣಿ ನೋಡಲು ಹೋದಾಗ ನಾನು ಮೊದಲು ಬೆರಳಿಟ್ಟು ನೋಡುವುದು ಈ ಜಾಗವನ್ನೇ. ಕ್ಲಾಂಪಿನ ಬುಡದಲ್ಲಿ ಕಂದು ನೀರಿನ ಕಲೆ ಇದ್ದು, ಚಿಂದಿ ಬಟ್ಟೆಯಿಂದ ತಂತಿ ಒರೆಸಿದಾಗ ಬಟ್ಟೆಯ ನೂಲು ಸಿಕ್ಕಿಕೊಂಡರೆ ಒಳಗೆ ಎಳೆ ತುಂಡಾಗಿದೆ ಎಂದೇ ಅರ್ಥ. ಆ ತಂತಿ ಮತ್ತೆ ಕಡಲಿಗೆ ಹೋಗಬಾರದು.

ಎಂಜಿನ್ ತಿರುಗಿದಂತೆ ಎರಡು ಹಗ್ಗಗಳ ಒಟ್ಟು ಉದ್ದ ಒಂದೇ ಸಮನಾಗಿ ಉಳಿಯುವುದಿಲ್ಲ, ಒಂದು ಬದಿ ಸಡಿಲು ಬೀಳುತ್ತದೆ. ಅದಕ್ಕೆ ಎಂಜಿನ್ ಕಡೆಯ ಎರಡೂ ತುದಿಯಲ್ಲಿ ಸ್ಪ್ರಿಂಗ್ ಹಾಕಬೇಕು. ಸ್ಪ್ರಿಂಗ್ ಒಂದು ದಿನ ಮುರಿಯುತ್ತದೆ ಎಂದೇ ತಿಳಿದು, ಅದರ ಪಕ್ಕದಲ್ಲಿ ಸ್ವಲ್ಪ ಸಡಿಲಾಗಿ ಒಂದು ಗಿಡ್ಡ ಹಗ್ಗವನ್ನು ಕಟ್ಟಿಡಬೇಕು. ಸ್ಪ್ರಿಂಗ್ ಹೋದರೂ ಎಳೆತ ಆ ಹಗ್ಗಕ್ಕೆ ಬರುತ್ತದೆ, ಸ್ಟೀರಿಂಗ್ ಪೂರ್ತಿ ಕೈ ಬಿಡುವುದಿಲ್ಲ. ಮತ್ತೆ, ಮರಳು ತಾಗಿದಾಗ ಎಂಜಿನ್ ತಾನಾಗಿ ಮೇಲೇಳಬೇಕಲ್ಲ. ಹಗ್ಗ ಕಟ್ಟಿದ ಮೇಲೆ ದಡದಲ್ಲೇ ಎಂಜಿನ್ ಎತ್ತಿ ನೋಡಬೇಕು. ಹಗ್ಗ ಎಂಜಿನ್ನನ್ನು ಕೆಳಕ್ಕೆ ಹಿಡಿದಿಟ್ಟರೆ ದಿಬ್ಬಕ್ಕೆ ಬಡಿದು ಹಿಂಭಾಗದ ಹಲಗೆಯೇ ಸೀಳುತ್ತದೆ.

ಚಕ್ರಕ್ಕಿಂತ ನನಗೆ ಇಷ್ಟವಾದದ್ದು ಕೋಲಿನ ಸ್ಟೀರಿಂಗ್. ಹೊಳೆ ನಡುವಿನ ನಡುಗಡ್ಡೆಗಳಾದ ನಮ್ಮ ಕುದ್ರುಗಳಲ್ಲಿ ಒಂದರಲ್ಲಿ ಒಬ್ಬ ಹಿರಿಯರಿದ್ದಾರೆ, ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ, ಹಿಂದಕ್ಕೆ ತಿರುಗುವುದಂತೂ ಇಲ್ಲವೇ ಇಲ್ಲ. ಅವರ ದೋಣಿಯ ಎಡ ಅಂಚಿಗೆ, ನಡುವಿನಲ್ಲಿ, ಸೊಂಟದೆತ್ತರದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪೊಂದನ್ನು ಕೆಳಗೆ ಬೋಲ್ಟಿನ ಮೇಲೆ ಓಲಾಡುವಂತೆ ನಿಲ್ಲಿಸಿಕೊಟ್ಟೆ. ಹಗ್ಗ ಕೋಲಿನಿಂದ ಮುಂದಕ್ಕೊಂದು, ಹಿಂದಕ್ಕೊಂದು ಹೊರಟು ರಾಟೆ ಬಳಸಿ ಎಂಜಿನ್ ಸೇರುತ್ತದೆ. ಮುಂದಕ್ಕೆ ನೂಕಿದರೆ ಬಲ, ಹಿಂದಕ್ಕೆ ಎಳೆದರೆ ಎಡ. ಡ್ರಮ್ಮಿಲ್ಲ, ಜಾರುವ ಮಾತಿಲ್ಲ. ಮೊದಲ ದಿನ ದಡಕ್ಕೆ ಮರಳಿ, ‘ಇನ್ನೂ ನಾಲ್ಕು ಮಳೆಗಾಲ ಹೋಗಬಹುದು ಮಾರಾಯರೆ’ ಎಂದರು. ಅವರ ಮನೆಯ ಮಕ್ಕಳು ಶಾಲೆಗೆ ಹೊಳೆ ದಾಟುವುದು ಇದೇ ದೋಣಿಯಲ್ಲಿ. ಇಂಥವರ ದೋಣಿಯನ್ನು ನಿಷೇಧದ ಪಟ್ಟಿಗೆ ಸೇರಿಸುವುದೇ?

ಕಂಪನಿಯ ಕೇಬಲ್ ಸ್ಟೀರಿಂಗ್ ಬಗ್ಗೆಯೂ ಒಂದು ಮಾತು. 10 ಅಶ್ವಶಕ್ತಿಗಿಂತ ಬಹಳ ಮೇಲಿನ ಎಂಜಿನ್‌ಗೆ ಅದೇ ಬೇಕು, ಅಲ್ಲಿ ಹಗ್ಗ ಕಟ್ಟಿಕೊಡಿ ಎಂದು ಬಂದವರನ್ನು ನಾನು ವಾಪಸು ಕಳುಹಿಸುತ್ತೇನೆ. ಆದರೆ ಕಂಪನಿಯದ್ದೆಂದ ಮಾತ್ರಕ್ಕೆ ನಿಶ್ಚಿಂತೆಯಲ್ಲ. ಕೇಬಲ್ಲಿನ ಸರಳು ಜಾರುವ ಕೊಳವೆಯಲ್ಲಿ ಗ್ರೀಸ್ ಒಣಗಿ ಉಪ್ಪು ಕಟ್ಟಿದರೆ ಅದು ಅಲ್ಲಾಡದಂತೆ ಕಚ್ಚಿಕೊಳ್ಳುತ್ತದೆ, ಅದನ್ನು ನಡುನೀರಿನಲ್ಲಿ ಬಿಚ್ಚಲು ಆಗುವುದಿಲ್ಲ. ಹಗ್ಗದ ಸ್ಟೀರಿಂಗಿನ ದೊಡ್ಡ ಗುಣವೆಂದರೆ ಅದರ ದೋಷ ಕಣ್ಣಿಗೆ ಕಾಣುತ್ತದೆ, ಮತ್ತು ದೋಣಿಯಲ್ಲಿರುವ ಹಗ್ಗದಿಂದಲೇ ರಿಪೇರಿಯಾಗುತ್ತದೆ.

ಇಷ್ಟೆಲ್ಲ ಸಣ್ಣ ಸಣ್ಣ ವಿಷಯ ಬರೆಯುವುದಕ್ಕೆ ಕಾರಣ ಅಳಿವೆ. ಕಡಲಿನಿಂದ ಮರಳುವಾಗ ಅಲೆ ಹಿಂದಿನಿಂದ ಬರುತ್ತದೆ. ಅಲೆಯ ನೆತ್ತಿಯ ನೀರು ದೋಣಿಯ ಜೊತೆಗೇ ಮುಂದಕ್ಕೆ ಓಡುವುದರಿಂದ ಚುಕ್ಕಾಣಿಯ ಮೇಲೆ ಹರಿಯುವ ನೀರು ಕಡಿಮೆಯಾಗಿ ಅದರ ಹಿಡಿತ ಸಡಿಲುತ್ತದೆ. ಔಟ್‌ಬೋರ್ಡ್ ಎಂಜಿನ್ ದೋಣಿಯನ್ನು ತಿರುಗಿಸುವುದು ಪ್ರೊಪೆಲ್ಲರಿನ ನೂಕುಬಲದಿಂದ. ಹೆದರಿ ಎಂಜಿನ್ನಿನ ವೇಗ ಪೂರ್ತಿ ಇಳಿಸಿದರೆ ತಿರುಗಿಸುವ ಶಕ್ತಿಯೂ ಹೋಯಿತು. ಆ ಒಂದೆರಡು ಕ್ಷಣದಲ್ಲಿ ದೋಣಿಯ ಹಿಂಭಾಗ ಒಂದು ಕಡೆ ಜಾರಿ, ದೋಣಿ ಅಲೆಗೆ ಅಡ್ಡವಾಗಿ, ಮಗುಚುತ್ತದೆ. ಚಕ್ರದಲ್ಲಿ ಕಾಲು ಸುತ್ತು ಸಡಿಲಿದ್ದರೆ, ಆ ಕಾಲು ಸುತ್ತು ತಿರುಗಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಶಾಂತ ಹೊಳೆಯಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ಸಡಿಲು ಜೀವ ತೆಗೆಯುವುದು ಅಲ್ಲಿ. ಆದ್ದರಿಂದಲೇ ಯಾವ ಸ್ಟೀರಿಂಗ್ ಇದ್ದರೂ ಒಂದು ಉದ್ದನೆಯ ಹುಟ್ಟು, ಹಿಂಭಾಗದಲ್ಲಿ ಅದನ್ನಿಟ್ಟು ದೋಣಿ ತಿರುಗಿಸಲು ಒಂದು ಗಟ್ಟಿ ಕಚ್ಚು ಇರಲೇಬೇಕು. ಎಂಜಿನ್ ಬಂದ ಮೇಲೆ ಎಷ್ಟೋ ದೋಣಿಗಳಿಂದ ಹುಟ್ಟು ಇಳಿದು ಮನೆಯ ಮಾಡಿಗೆ ಸೇರಿದೆ.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟು. ಕರಾವಳಿಯ ಐಟಿಐಗಳಲ್ಲಿ ಫಿಟ್ಟರ್, ಟರ್ನರ್ ಕಲಿಯುವ ಹುಡುಗರಿದ್ದಾರೆ. ಪ್ರತಿವರ್ಷ ಮೇ ತಿಂಗಳಿನಲ್ಲಿ, ನಾಡದೋಣಿಗಳು ಮಳೆಗಾಲಕ್ಕೆ ಸಜ್ಜಾಗುವ ಹೊತ್ತಿನಲ್ಲಿ, ಅವರನ್ನು ಶಿಕ್ಷಕರ ಜೊತೆ ದೋಣಿ ತಂಗುವ ಜಾಗಗಳಿಗೆ ಕರೆತಂದು ಸ್ಟೀರಿಂಗ್ ಪರೀಕ್ಷೆಯ ಶಿಬಿರ ಮಾಡಲಿ. ದಂಡ ಹಾಕುವ ಶಿಬಿರ ಬೇಡ, ಬಿಚ್ಚಿ ಸರಿಮಾಡಿ ಕಟ್ಟಿಕೊಡುವ ಶಿಬಿರ ಬೇಕು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ, ಕೊಚ್ಚಿಯಲ್ಲಿ 1957ರಿಂದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದೆ. ಅಲ್ಲಿನ ತಜ್ಞರು ಸೇರಿ, ಹತ್ತು ಅಶ್ವಶಕ್ತಿಯೊಳಗಿನ ದೋಣಿಗೆ ಸ್ಟೀರಿಂಗ್ ಕಟ್ಟುವ ಕ್ರಮವನ್ನು ಚಿತ್ರಗಳೊಂದಿಗೆ, ನಮ್ಮ ಜನ ಆಡುವ ಮಾತಿನಲ್ಲಿ, ಹದಿನಾರು ಪುಟದ ಕನ್ನಡ ಪುಸ್ತಿಕೆಯಾಗಿ ಮಾಡಿಕೊಟ್ಟರೆ ಮಹದುಪಕಾರವಾಗುತ್ತದೆ. ನೀರಿಗೆ ಬಿದ್ದರೂ ಹಾಳಾಗದ ಕಾಗದದಲ್ಲಿ ಅಚ್ಚು ಹಾಕಲಿ. ಎಂಜಿನ್ನಿಗೆ ಸಹಾಯಧನ ಕೊಡುವಾಗ ಅದರ ಜೊತೆ 316 ಉಕ್ಕಿನ ಕ್ಲಾಂಪು, ಎರಡು ಒಳ್ಳೆಯ ಮೂಲೆರಾಟೆ, ಬೇಕಾದಷ್ಟು ಪಾಲಿಯೆಸ್ಟರ್ ಹಗ್ಗ, ಒಂದು ಹುಟ್ಟು ಸೇರಿಸಿಕೊಟ್ಟರೆ ಎಂಜಿನ್ನಿನ ಬೆಲೆಯ ಮುಂದೆ ಅದು ಲೆಕ್ಕಕ್ಕೇ ಬಾರದಷ್ಟು ಸಣ್ಣ ಖರ್ಚು.

ತಮ್ಮಲ್ಲಿಯೂ ಒಂದು ವಿನಂತಿ. ದೋಣಿ ಮಗುಚಿದ ಸುದ್ದಿ ಬಂದಾಗಲೆಲ್ಲ ‘ಭಾರಿ ಅಲೆಗೆ ಸಿಲುಕಿ’ ಎಂದು ಬರೆದು ಮುಗಿಸದೆ, ಸ್ಟೀರಿಂಗ್ ಕೈಯಲ್ಲಿತ್ತೇ, ಹಗ್ಗ ಕಡಿದಿತ್ತೇ, ಎಂಜಿನ್ ನಿಂತಿತ್ತೇ ಎಂದು ಬದುಕಿ ಬಂದವರನ್ನು ಕೇಳಿ ಬರೆಯುವಂತೆ ತಮ್ಮ ವರದಿಗಾರರಿಗೆ ತಿಳಿಸಬೇಕು. ಕಾರಣ ಗೊತ್ತಾದರೆ ನನ್ನಂಥವರು ಮರುದಿನವೇ ಉಳಿದ ದೋಣಿಗಳನ್ನು ನೋಡಬಹುದು.

ಶಿಬಿರ ಆಗುವವರೆಗೆ ಕಾಯುವ ಅಗತ್ಯವಿಲ್ಲ. ಮೇ ತಿಂಗಳ ಭಾನುವಾರಗಳಲ್ಲಿ ನನ್ನ ಲೇತ್, ವೈಸ್ ಮತ್ತು ಕೈ ನಾಡದೋಣಿಯವರಿಗೆ ಬಿಟ್ಟಿದ್ದು. ಡ್ರಮ್ಮಿಗೆ ಬೇಕಾದ ಮರವನ್ನೋ ನೈಲಾನ್ ತುಂಡನ್ನೋ ತಾವೇ ತಂದರೆ ಕೆಲಸಕ್ಕೆ ಮಜೂರಿ ತೆಗೆದುಕೊಳ್ಳುವುದಿಲ್ಲ. ಪತ್ರ ಬರೆದ ಓದುಗರೂ ಒಂದು ಭಾನುವಾರ ಬರಲಿ. ದಡದಲ್ಲಿ ನಿಂತಿರುವ ದೋಣಿಗಳ ಕ್ಲಾಂಪುಗಳನ್ನು ಇಬ್ಬರೂ ಸೇರಿ ಒಂದೊಂದಾಗಿ ನೋಡೋಣ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲೇತ್ ಕೆಲಸಗಾರ
ಕುಂದಾಪುರ ತಾಲ್ಲೂಕು